ನಕ್ಷತ್ರಗಳ ದೇಸಗತಿ: ನಮ್ಮ ಸಾಮ್ರಾಜ್ಯವನ್ನು ವಂಶದ ದೊರೆಗಳು ಹೇಗೆ ಆಳುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಆರೇಳು ಮಂದಿ ಸೇರಿ ಒಂದು ಕಥೆಯ ಆಟ ಆಡುತ್ತೇವೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಏನಾಗುತ್ತದೆ ಅಂತ ಅನುಮಾನ ಬಂದಲ್ಲಿ ದಾಳ ಉರುಳಿಸುತ್ತೇವೆ. ಕಥೆ ನಡೆಯುವುದು ನಾವೇ ಕಟ್ಟಿದ ಒಂದು ಸಾಮ್ರಾಜ್ಯದಲ್ಲಿ. ಅದರಲ್ಲಿ ಸುಮಾರು ನಾನೂರು ನಕ್ಷತ್ರಗಳಿವೆ. ಅವನ್ನು ಆಳುವುದು ಹುಟ್ಟಿನಿಂದ ಅಧಿಕಾರ ಪಡೆದ ದೇಸಾಯರಂಥ ಮನೆತನಗಳು. ಆ ಆಡಳಿತಕ್ಕೇ ದೇಸಗತಿ ಅನ್ನುತ್ತೇವೆ. ಹುಬ್ಬಳ್ಳಿ, ಗದಗ, ಹಾವೇರಿಯಿಂದ ಹೊಸಬರು ಬಂದಾಗಲೆಲ್ಲ ಇವೇ ಪ್ರಶ್ನೆಗಳು. ಆಟ ಶುರುವಾಗುವ ಮೊದಲೇ ಒಂದು ತಾಸು ಅದಕ್ಕೇ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಕಾಲದಲ್ಲೂ ರಾಜರು, ದೇಸಾಯರು ಯಾಕೆ? ಚುನಾವಣೆ ಯಾಕಿಲ್ಲ?

ದೂರ. ಇಷ್ಟೇ ಉತ್ತರ, ಆದರೆ ಬಿಡಿಸಿ ಹೇಳಬೇಕು.

ಸೂರ್ಯನ ಬೆಳಕು ನಮ್ಮ ಅಂಗಳಕ್ಕೆ ಬರಲು ಎಂಟು ನಿಮಿಷ ಚಿಲ್ಲರೆ ಬೇಕು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರದಿಂದ ಬೆಳಕು ಬರಲು 4.2 ವರ್ಷ ಬೇಕು. 1977ರಲ್ಲಿ ಹೊರಟ ವಾಯೇಜರ್ 1 ಇಷ್ಟು ವರ್ಷ ಓಡಿದೆ. ಆದರೂ ಬೆಳಕು ಒಂದೇ ದಿನದಲ್ಲಿ ಹೋಗುವಷ್ಟು ದೂರದ ಆಸುಪಾಸಿನಲ್ಲೇ ಇದೆ. ಇಷ್ಟು ದೂರ ದೂರ ಇರುವ ಊರುಗಳನ್ನು ಒಂದೇ ಆಡಳಿತದಲ್ಲಿ ಇಡುವುದು ಹೇಗೆ? ಒಂದು ಊರಲ್ಲಿ ಬರ ಬಿತ್ತು ಅಂದುಕೊಳ್ಳಿ. ರಾಜಧಾನಿಗೆ ಸುದ್ದಿ ಮುಟ್ಟಿ, ಅಲ್ಲಿಂದ ಹುಕುಂ ಬರುವಷ್ಟರಲ್ಲಿ ಮಂದಿ ಸತ್ತಿರುತ್ತಾರೆ. ಹಾಗಾಗಿ ಅಲ್ಲೇ ಇದ್ದು, ಅಲ್ಲೇ ನಿರ್ಧಾರ ಮಾಡುವ ಒಬ್ಬರು ಬೇಕು. ಅವರನ್ನು ದಿನಾ ಕಾಯಲು ರಾಜಧಾನಿಗೆ ಆಗುವುದಿಲ್ಲ. ಕಾಯಲು ಆಗದವರ ಮೇಲೆ ಹಿಡಿತ ಇಡುವ ಹಳೆಯ ದಾರಿ ಒಂದೇ: ಕೆಲಸವನ್ನು ಅವರ ಮಕ್ಕಳು ಮೊಮ್ಮಕ್ಕಳಿಗೂ ಕೊಡುವುದು. ಇವತ್ತು ಊರನ್ನು ಹಿಂಡಿ ತಿಂದರೆ ನಾಳೆ ತನ್ನ ಮಗನಿಗೇ ಬರಡು ಊರು ಸಿಗುತ್ತದೆ ಅನ್ನುವ ಹೆದರಿಕೆ ಅಲ್ಲಿ ಕಾವಲು ಕಾಯುತ್ತದೆ. ಆ ಹೆದರಿಕೆ ಎಲ್ಲರಿಗೂ ಇರುವುದಿಲ್ಲ. ನಮ್ಮ ಆಟದ ಅರ್ಧ ಕಥೆಗಳು ಹುಟ್ಟುವುದು ಅಲ್ಲೇ.

ಚುನಾವಣೆ ಇಲ್ಲವೇ ಇಲ್ಲ ಅಂತಲ್ಲ. ಒಂದು ಊರಿನ ಒಳಗೆ ಪಂಚರನ್ನು ಆರಿಸುತ್ತಾರೆ. ನಾನೂರು ನಕ್ಷತ್ರಗಳ ಮತ ಎಣಿಸಿ ಮುಗಿಸುವಷ್ಟರಲ್ಲಿ ಅರ್ಧ ಮತದಾರರು ಮುದುಕರಾಗುತ್ತಾರೆ. ಮೇಲಿನ ಹಂತದಲ್ಲಿ ಚುನಾವಣೆ ಇಲ್ಲದಿರುವುದಕ್ಕೆ ಅದೇ ಕಾರಣ.

ಸುದ್ದಿ ಹೇಗೆ ಹೋಗುತ್ತದೆ?

ಟಪಾಲು ಹಡಗಿನಲ್ಲಿ. ನಕ್ಷತ್ರಗಳ ನಡುವೆ ಕೆಲವು ಕಣಿವೆಗಳಿವೆ. ಹಡಗು ಆ ಕಣಿವೆ ದಾಟಿದರೆ ವರ್ಷಗಳ ದಾರಿ ವಾರಗಳಲ್ಲಿ ಮುಗಿಯುತ್ತದೆ. ರೇಡಿಯೋ ಆ ಕಣಿವೆ ದಾಟುವುದಿಲ್ಲ. ಅಂದರೆ ಹಡಗಿಗಿಂತ ವೇಗವಾಗಿ ಯಾವ ಸುದ್ದಿಯೂ ಹೋಗುವುದಿಲ್ಲ. ರಾಜಧಾನಿಯಿಂದ ಗಡಿಗೆ 14 ತಿಂಗಳು. ಉತ್ತರಕ್ಕೆ ಇನ್ನೂ 14 ತಿಂಗಳು. ಆಟದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಈ ಎರಡು ಸಂಖ್ಯೆ ಮರೆಯಬೇಡಿ.

ಯಾರ ಕೈಕೆಳಗೆ ಯಾರು?

ಮೇಲೆ ಚಕ್ರವರ್ತಿ. ಅವರ ಕೆಳಗೆ ಆರು ಮಂಡಲೇಶ್ವರರು, ಒಬ್ಬೊಬ್ಬರಿಗೆ ಅರವತ್ತು ಎಪ್ಪತ್ತು ನಕ್ಷತ್ರ. ಅವರ ಕೆಳಗೆ ದೇಸಾಯರು, ಒಂದು ನಕ್ಷತ್ರ ಮತ್ತು ಅದರ ಸುತ್ತಲಿನ ಊರುಗಳಿಗೆ ಒಬ್ಬರು. ಊರಿಗೆ ಗೌಡರು.

ಪಕ್ಕದಲ್ಲೇ ಇನ್ನೊಂದು ಏಣಿ ಇದೆ: ಚಕ್ರವರ್ತಿಯ ಹತ್ತಿರ ಶ್ರೀಕರಣ, ದೇಸಾಯರ ಜೊತೆ ದೇಶಪಾಂಡೆ, ಗೌಡರ ಜೊತೆ ಕುಲಕರ್ಣಿ. ಇವರದ್ದು ಲೆಕ್ಕ, ಕಾಗದ, ಮೊಹರು. ಮೊದಲ ಏಣಿಯವರು ಹುಕುಂ ಮಾಡುತ್ತಾರೆ, ಎರಡನೆಯ ಏಣಿಯವರು ಬರೆದಿಡುತ್ತಾರೆ. ಬರೆಯದ ಹುಕುಂ ನಡೆಯುವುದಿಲ್ಲ.

ಈ ಹೆಸರುಗಳನ್ನೇ ಯಾಕೆ ಇಟ್ಟಿರಿ? ಡ್ಯೂಕ್, ಬ್ಯಾರನ್ ಅಂತ ಇಡಬಹುದಿತ್ತಲ್ವಾ?

ಮೊದಲು ಹಾಗೇ ಇಟ್ಟಿದ್ದೆವು. ಆಟಕ್ಕೆ ಕೂತವರಿಗೆ ಬ್ಯಾರನ್ ಅಂದರೆ ಏನು ಮಾಡುತ್ತಾನೆ ಅಂತ ಕಣ್ಣ ಮುಂದೆ ಬರಲಿಲ್ಲ. ದೇಸಾಯರ ವಾಡೆ ಅಂದ ಕೂಡಲೇ ಬಂತು. ನಮ್ಮ ಕಡೆ ಹುಟ್ಟಿದವರಿಗೆ ವಾಡೆಯ ದೊಡ್ಡ ಬಾಗಿಲು, ಅದರೊಳಗಿನ ಸಣ್ಣ ದಿಡ್ಡಿ, ಒಳಗಿನ ಅಂಕಣ, ಮೇಲಿನ ಅಟ್ಟ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರೀ ಹೆಸರಿನ ಮಾತಲ್ಲ. ಈ ಸೀಮೆಯಲ್ಲಿ ಪರಗಣೆಯ, ಅಂದರೆ ಹಲವು ಊರುಗಳ ಒಂದು ಗುಂಪಿನ, ಕಂದಾಯ ವಸೂಲಿ ನೋಡುತ್ತಿದ್ದವರು ದೇಸಾಯರು, ಪರಗಣೆಯ ಲೆಕ್ಕ ದೇಶಪಾಂಡೆಯವರದು. ಊರಲ್ಲಿ ಗೌಡಕಿ ಒಂದು ಮನೆತನಕ್ಕೆ, ಕುಲಕರ್ಣಿಕಿ ಇನ್ನೊಂದು ಮನೆತನಕ್ಕೆ. ಎಲ್ಲ ವತನ, ಅಂದರೆ ವಂಶಪಾರಂಪರ್ಯದ ಕೆಲಸ, ಜೊತೆಗೆ ಅದಕ್ಕೆ ಸೇರಿದ ಭೂಮಿ ಮತ್ತು ಹಕ್ಕು. ವಿಜಾಪುರದ ಸುಲ್ತಾನರು ಹೋದರು, ಸವಣೂರ ನವಾಬರು ಬಂದರು, ಮರಾಠರು ಬಂದರು, ಕಂಪನಿ ಬಂತು. ಮೇಲಿನವರು ಬದಲಾದರೂ ಎಷ್ಟೋ ಊರಲ್ಲಿ ಗೌಡರ ಮನೆ ಅದೇ, ಕುಲಕರ್ಣಿ ಮನೆ ಅದೇ. ಸಾಮ್ರಾಜ್ಯ ಹೇಗೆ ನಿಲ್ಲುತ್ತದೆ ಅಂತ ತಿಳಿಯಲು ನಮಗೆ ಇದಕ್ಕಿಂತ ಹತ್ತಿರದ ಪಾಠ ಎಲ್ಲಿದೆ?

ಒಂದು ಮಾತು. ಇವತ್ತು ದೇಸಾಯಿ, ಗೌಡರ, ಕುಲಕರ್ಣಿ, ನಾಡಗೌಡ ಅನ್ನುವ ಅಡ್ಡಹೆಸರಿನ ಎಷ್ಟೋ ಮಂದಿ ನಮ್ಮ ನಿಮ್ಮ ಹಾಗೆ ನೌಕರಿ, ಒಕ್ಕಲುತನ ಮಾಡಿಕೊಂಡಿದ್ದಾರೆ. ಆಟದಲ್ಲಿ ಇವು ಹುದ್ದೆಯ ಹೆಸರುಗಳು ಮಾತ್ರ. ಯಾವ ಜಾತಿಗೂ ಮನೆತನಕ್ಕೂ ಅಂಟಿಸಿಲ್ಲ. ಇದು ಆಟದ ಕಟ್ಟುನಿಟ್ಟಿನ ನಿಯಮ.

ನಕ್ಷತ್ರಗಳ ಹೆಸರಿನ ಮುಂದೆ ಸಂಖ್ಯೆ ಯಾಕೆ?

ಚಾಲುಕ್ಯರ ಕಾಲದ ಶಾಸನಗಳಿಂದ ತಂದದ್ದು. ಗದಗ ಸೀಮೆ ಬೆಳ್ವೊಲ 300, ಲಕ್ಷ್ಮೇಶ್ವರದ ಸುತ್ತ ಪುಲಿಗೆರೆ 300, ಹಾನಗಲ್ಲಿನ ಸುತ್ತ ಪಾನುಂಗಲ್ಲು 500, ಬನವಾಸಿ 12000. ಈ ಸಂಖ್ಯೆ ಹಳ್ಳಿಗಳ ಲೆಕ್ಕ ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಬೆಳ್ವೊಲ, ಪುಲಿಗೆರೆ ಎರಡನ್ನೂ ಸೇರಿಸಿ ‘ಎರಡರುನೂರು’ ಅಂತಲೂ ಕರೆಯುತ್ತಿದ್ದರು. ನಮ್ಮ ಆಟದಲ್ಲಿ ಸಂಖ್ಯೆ ಅಂದರೆ ಜನ ಇರುವ ಊರುಗಳ ಲೆಕ್ಕ. ಒಂದು ನಕ್ಷತ್ರದ ಹೆಸರು ಕೇಳಿದ ಕೂಡಲೇ ದೇಸಾಯಿ ಎಷ್ಟು ದೊಡ್ಡವನು ಅಂತ ಗೊತ್ತಾಗುತ್ತದೆ.

ಮೊದಲ ದೇಸಾಯಿ ದೇಸಾಯಿ ಆದದ್ದು ಹೇಗೆ?

ಸಾಮಾನ್ಯವಾಗಿ ಕಷ್ಟದ ಹೊತ್ತಿನಲ್ಲಿ ಚಕ್ರವರ್ತಿಯ ಕೈ ಹಿಡಿದವರು. ಶಿಗ್ಗಾವಿ ಹತ್ತಿರದ ಬಂಕಾಪುರಕ್ಕೆ ಹೋಗಿದ್ದೀರಾ? ಈಗ ಅಲ್ಲಿನ ಕೋಟೆಯಲ್ಲಿ ನವಿಲುಗಳಿವೆ. ಆ ಊರಿಗೆ ಬಂಕೆಯನ ಹೆಸರು. ರಾಷ್ಟ್ರಕೂಟ ಅಮೋಘವರ್ಷನ ನಂಬಿಗಸ್ತ ದಂಡನಾಯಕ ಆತ. ಬನವಾಸಿ ನಾಡು ಅವನ ಕೈಗೆ ಬಂತು, ಅವನ ನಂತರ ಮಗ ಲೋಕಾದಿತ್ಯ ಬಂಕಾಪುರದಿಂದ ಆಳಿದ. ಅಪ್ಪನಿಗೆ ಕೆಲಸಕ್ಕೆ ಸಿಕ್ಕದ್ದು ಮಗನಿಗೆ ಹುಟ್ಟಿಗೆ ಸಿಕ್ಕಿತು. ನಮ್ಮ ನಾನೂರು ನಕ್ಷತ್ರಗಳಲ್ಲೂ ಹೀಗೇ. ನಿಮ್ಮ ಪಾತ್ರ ದೇಸಾಯಿ ಆದರೆ ಮೊದಲು ಬರೆಯಬೇಕಾದದ್ದು ಒಂದೇ ಸಾಲು: ನಿಮ್ಮ ಮನೆತನದ ಮೊದಲಿಗ ಏನು ಮಾಡಿ ಈ ಸನದು, ಅಂದರೆ ಅಧಿಕಾರದ ಪತ್ರ, ಗಳಿಸಿದ?

ದೇಸಾಯಿ ದಿನಾ ಏನು ಮಾಡುತ್ತಾನೆ? ಸುಮ್ನೆ ಗಾದಿ ಮೇಲೆ ಕೂತಿರುತ್ತಾನಾ?

ಇಲ್ಲ. ಬಂದರಿನ ಸುಂಕ, ನೀರಿನ ಹಂಚಿಕೆ, ಕಣಜ, ಊರೂರ ಜಗಳದ ಮೇಲ್ಮನವಿ, ಟಪಾಲು ಹಡಗಿಗೆ ಇಂಧನ. ಸುಂಕದಲ್ಲಿ ಹದಿನಾರನೇ ಒಂದು ಪಾಲು ಅವನದು, ಉಳಿದದ್ದು ಮೇಲೆ ಹೋಗಬೇಕು. ಇದರ ಜೊತೆ ಒಂದು ಉಂಬಳಿ ಊರು.

ಆದರೆ ಈ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಒಂದು ಭಾನುವಾರದ ಆಟ ಹೇಳುತ್ತೇನೆ.

ಜಿಟಿಜಿಟಿ ಮಳೆ. ನಡುವೆ ಗಿರಮಿಟ್ಟಿನ ಪರಾತ. ದೇಸಾಯಿ ಪಾತ್ರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಗೆಳೆಯನದು. ಅವನ ಮೂರನೇ ಗ್ರಹದಲ್ಲಿ ಎರಡು ವರ್ಷ ಬೆಳೆ ಹೋಗಿದೆ. ಕಣಜ ತುಂಬಿದೆ, ಆದರೆ ಅದು ಚಕ್ರವರ್ತಿಯ ಕಣಜ. ತೆರೆಯಲು ಹುಕುಂ ಬೇಕು. ಅವನ ನಕ್ಷತ್ರ ಗಡಿಗಿಂತ ಹತ್ತಿರ, ಆದರೂ ಸುದ್ದಿ ಹೋಗಿ ಹುಕುಂ ಬರಲು 22 ತಿಂಗಳು. ಎಲ್ಲರೂ ‘ತೆರೀರಿ, ತೆರೀರಿ’ ಅಂತ ಕೂಗಿದರು. ಅವನು ಮಾತಾಡಲಿಲ್ಲ. ಗಿರಮಿಟ್ಟಿನ ಕೈ ಒರೆಸಿಕೊಂಡು ನನ್ನನ್ನು ಕೇಳಿದ:

“ಕಣಜದಾಗ ಎಷ್ಟು ಚೀಲ ಅದಾವ್ರೀ?”

ನಲವತ್ತು ಸಾವಿರ ಅಂದೆ.

“ಅದರಾಗ ಬೀಜಕ್ಕ ಎಷ್ಟು ತಗೀಬೇಕು?”

ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕಥೆ ನಡೆಸುವ ನಾನೂ ಯೋಚಿಸಿರಲಿಲ್ಲ. ಆರು ಸಾವಿರ ಚೀಲ ಬೀಜಕ್ಕೆ ಬೇಕು ಅಂತ ಅಲ್ಲೇ ಲೆಕ್ಕ ಹಾಕಿ ಹೇಳಿದೆ. ಅವನು ಮೊದಲು ಆ ಆರು ಸಾವಿರವನ್ನು ಬೇರೆ ಇಡಿಸಿದ. ಆಮೇಲೆ ಉಳಿದದ್ದನ್ನು ಹಂಚಲು ಹೇಳಿದ. ತನ್ನ ಉಂಬಳಿ ಊರನ್ನು ಒತ್ತೆ ಇಟ್ಟ. ಹುಕುಂ ಬಾರದಿದ್ದರೆ ಆ ಊರು ಹೋಗುತ್ತದೆ, ಮಗಳಿಗೆ ಬರೀ ಹೆಸರು ಉಳಿಯುತ್ತದೆ. ಹುಟ್ಟಿನಿಂದ ಬಂದ ಅಧಿಕಾರ ಒಳ್ಳೆಯದಾಗಿ ನಡೆದರೆ ಹೇಗಿರುತ್ತದೆ ಅಂತ ಆವತ್ತು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ತನ್ನ ಮನೆಯದನ್ನೇ ಪಣಕ್ಕೆ ಇಡಬೇಕು. ಪಣಕ್ಕೆ ಇಡಲು ಏನೂ ಇಲ್ಲದವನು ಅಲ್ಲಿ ನಿರ್ಧಾರ ಮಾಡುವ ಹಾಗಿಲ್ಲ.

ಲೆಕ್ಕದ ಮನೆತನ ಬೇರೆ ಯಾಕೆ? ದೇಸಾಯಿಯೇ ಲೆಕ್ಕ ಇಟ್ಟರೆ ಆಗದಾ?

ಅದೇ ಆಟದ ಮುಂದಿನ ಭಾಗ ಕೇಳಿ. ಕಣಜದ ಕೀಲಿಕೈ ದೇಶಪಾಂಡೆ ಹತ್ತಿರ. ಆ ಪಾತ್ರ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಅಕ್ಕನದು. ದೇಸಾಯಿ ಕೈ ಚಾಚಿದ. ಅಕ್ಕ ಕೊಡಲಿಲ್ಲ.

“ಬರದು ಕೊಡ್ರಿ, ಕೀಲಿಕೈ ಕೊಡ್ತೀನಿ.”

ಅವನು ನಿಜವಾಗಿಯೂ ಒಂದು ಹಾಳೆ ತೆಗೆದು ಬರೆದು, ಸಹಿ ಹಾಕಿ ಕೊಟ್ಟ. ಆ ಹಾಳೆ ಈಗಲೂ ನಮ್ಮ ಆಟದ ಡಬ್ಬಿಯಲ್ಲಿದೆ.

ಆಳುವವನನ್ನು ದೂರದಿಂದ ಕಾಯಲು ಆಗುವುದಿಲ್ಲ ಅಂದೆನಲ್ಲ. ಹತ್ತಿರದಿಂದ ಕಾಯುವವರು ಇವರು. ದೇಶಪಾಂಡೆಯ ಕೆಲಸವೂ ವಂಶದ್ದೇ. ಹಾಗಾಗಿ ದೇಸಾಯಿ ಅವರನ್ನು ಕೆಲಸದಿಂದ ತೆಗೆಯಲು ಬರುವುದಿಲ್ಲ. ಅವರ ದಫ್ತರದ, ಅಂದರೆ ಲೆಕ್ಕದ ಕಾಗದಗಳ, ಒಂದು ನಕಲು ಪ್ರತಿ ಟಪಾಲು ಹಡಗಿನಲ್ಲೂ ಹೋಗುತ್ತದೆ. ಎರಡೂ ಮನೆತನ ಒಂದಾಗಿ ಕದ್ದರೆ? ಆಗುತ್ತದೆ. ಅದಕ್ಕೇ ಈ ಎರಡು ಮನೆಗಳ ನಡುವೆ ಮದುವೆ ಸಂಬಂಧ ನಿಷೇಧ. ಆ ನಿಷೇಧ ಮುರಿಯುವ ಪ್ರೇಮಕಥೆಗಳು ನಮ್ಮಲ್ಲಿ ಮೂರು ಆಗಿವೆ.

ದಫ್ತರದ ಬಗ್ಗೆ ನನಗೆ ಇಷ್ಟು ಪ್ರೀತಿ ಯಾಕೆ ಅಂತ ಕೇಳುತ್ತಾರೆ. ಚಿಕ್ಕವನಿದ್ದಾಗ ನವಲಗುಂದ ತಾಲ್ಲೂಕಿನ ಅಜ್ಜಿಯ ಊರಿನಲ್ಲಿ ಹಳೇ ಕುಲಕರ್ಣಿಯವರ ಮನೆಗೆ ಹೋಗಿದ್ದೆ. ಅಟ್ಟದ ಮೇಲೆ ಕೆಂಪು ಅರಿವೆಯಲ್ಲಿ ಕಟ್ಟಿದ ಕಾಗದದ ಗಂಟುಗಳು, ಒಂದರ ಮೇಲೆ ಒಂದು. ಮನೆಯ ಅಜ್ಜ ಒಂದನ್ನು ಬಿಚ್ಚಿ ತೋರಿಸಿದರು. ಧೂಳು, ಗುಬ್ಬಿ ಗೂಡಿನ ಕಡ್ಡಿ, ಒಳಗೆ ದಪ್ಪ ಕಾಗದ. ಅಕ್ಷರಗಳು ಒಂದಕ್ಕೊಂದು ಕೈಕೈ ಹಿಡಿದುಕೊಂಡ ಹಾಗೆ ಓಡುತ್ತಿದ್ದವು. ಮೋಡಿ ಲಿಪಿ. “ಇದರಾಗ ಊರು ಪೂರಾ ಅದ ತಮ್ಮಾ. ಯಾರ ಹೊಲ ಯಾರದು, ಯಾರು ಏನು ಕೊಡಬೇಕಿತ್ತು, ಎಲ್ಲಾ. ಆದ್ರ ಓದಾವ್ರು ಈಗ ಯಾರೂ ಇಲ್ಲ” ಅಂದರು. ಅವರಿಗೂ ಬರುತ್ತಿರಲಿಲ್ಲ. ಅರಿವೆ ಮತ್ತೆ ಕಟ್ಟುವಾಗ ಅವರ ಬೆರಳು ನಿಧಾನವಾಗಿ ಗಂಟು ಹಾಕಿದ್ದು ನನಗೆ ಇನ್ನೂ ನೆನಪಿದೆ.

ಓದಬಲ್ಲವನ ಕೈಯಲ್ಲಿ ಊರು ಇರುತ್ತದೆ. ಎಷ್ಟೋ ಊರಲ್ಲಿ ಗೌಡರಿಗೆ ಓದು ಬರೆಹ ಬಾರದೆ, ಕುಲಕರ್ಣಿ ಬರೆದದ್ದೇ ವೇದವಾಗಿತ್ತು. ಹಾಗಾಗಿ ದಫ್ತರ ಕಾವಲೂ ಹೌದು, ಆಯುಧವೂ ಹೌದು. ಆಟದಲ್ಲಿ ದೇಶಪಾಂಡೆ ಪಾತ್ರ ಹಿಡಿಯುವವರು ಇದನ್ನು ನೆನಪಿಡಬೇಕು.

ದೇಸಾಯಿ ಸತ್ತರೆ ಗಾದಿ ಯಾರಿಗೆ?

ಹಿರಿಯ ಮಗು, ಗಂಡಾದರೂ ಹೆಣ್ಣಾದರೂ. ಆದರೆ ಹುಟ್ಟು ಮಾತ್ರ ಸಾಲದು. ಹೊಸ ಸನದು ಬರಬೇಕು, ಅದಕ್ಕೆ ನಜರಾಣೆ, ಅಂದರೆ ಕಾಣಿಕೆ, ಕಟ್ಟಬೇಕು. ಸನದು ಬರುವ ತನಕ ವಾರಸ ಮೂರು ವರ್ಷ ಹಂಗಾಮಿಯಾಗಿ ಆಳಬಹುದು. ಮೂರು ವರ್ಷ ಅಂತ ಸುಮ್ನೆ ಇಟ್ಟದ್ದಲ್ಲ. ಸುದ್ದಿ ಹೋಗಿ ಬರಲು 28 ತಿಂಗಳು, ಮೇಲೆ ರಾಜಧಾನಿಯ ಕಚೇರಿಗೆ ಎಂಟು ತಿಂಗಳು.

ಮಕ್ಕಳಿಲ್ಲದಿದ್ದರೆ ದತ್ತು. ನಮ್ಮ ಆಟದ ಅತಿ ದೊಡ್ಡ ಜಗಳಗಳು ಇಲ್ಲೇ. ದತ್ತು ಒಪ್ಪುವ ಅಧಿಕಾರ ಯಾರದು, ಮನೆತನದ್ದೋ ಚಕ್ರವರ್ತಿಯದ್ದೋ?

ಧಾರವಾಡದಲ್ಲಿ ಕೂತು ಈ ಪ್ರಶ್ನೆಯನ್ನು ಹಗುರವಾಗಿ ಆಡಲು ನನಗೆ ಆಗುವುದಿಲ್ಲ. ಕಿತ್ತೂರು ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಸಾಯುವ ಮೊದಲು ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಬಿತ್ತು. ರಾಣಿ ಚೆನ್ನಮ್ಮ ಬೊಂಬಾಯಿಯ ಕಂಪನಿ ಸರಕಾರಕ್ಕೆ ಪತ್ರ ಬರೆದರು. ಅಕ್ಟೋಬರ್ 23ರಂದು ಕೋಟೆಯ ಮುಂದಿನ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕಿತ್ತೂರು ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಮುಂದೆ ನರಗುಂದ. ಅಲ್ಲಿನ ದೊರೆ ಭಾಸ್ಕರರಾವ್, ಅಂದರೆ ಬಾಬಾಸಾಹೇಬರಿಗೂ ದತ್ತು ತೆಗೆದುಕೊಳ್ಳಲು ಒಪ್ಪಿಗೆ ಸಿಗಲಿಲ್ಲ. 1858ರ ಮೇ ತಿಂಗಳಲ್ಲಿ ಬಂಡಾಯ, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆ, ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು.

ಕಿತ್ತೂರಿನಲ್ಲಿ ಆದದ್ದನ್ನು ಗಮನಿಸಿ. ದೂರದ ದೊರೆಯ ಹೆಸರಿನಲ್ಲಿ ಹತ್ತಿರದ ಅಧಿಕಾರಿ ನಿರ್ಧಾರ ಮಾಡಿದ. ಬೊಂಬಾಯಿಗೆ ಕಾಗದ ಹೋಗಿ ಬರುವ ಮೊದಲೇ ಬೀಗ, ಮೊಹರು, ತೋಪು. ಲಂಡನ್ನಿನ ಮಾತಂತೂ ಬಿಡಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಕಿತ್ತೂರಿನ ಕಾಳಗದ ಹೊತ್ತಿಗೆ ಹಡಗು ಆಫ್ರಿಕಾವನ್ನು ಸುತ್ತಿ ಬರುತ್ತಿತ್ತು, ಒಂದು ಪತ್ರಕ್ಕೆ ತಿಂಗಳುಗಳೇ ಬೇಕಾಗುತ್ತಿದ್ದವು. ನಮ್ಮ ಸಾಮ್ರಾಜ್ಯದಲ್ಲಿ ಹಡಗು ಇನ್ನೂ ಹಾಗೇ ಸುತ್ತಿ ಬರುತ್ತಿದೆ. ಹಾಗಾಗಿ ಆಟದ ನಿಯಮ ಇದು: ದತ್ತು ನಡೆದ ಸುದ್ದಿ ರಾಜಧಾನಿಗೆ ಮುಟ್ಟಿ ಉತ್ತರ ಬರುವ ತನಕ ಯಾರೂ ಖಜಾನೆಗೆ ಮೊಹರು ಹಾಕುವ ಹಾಗಿಲ್ಲ. ಮುರಿದರೆ ಊರಿನ ಮಂದಿ ಆಯುಧ ಹಿಡಿಯುವುದು ಅಪರಾಧವಲ್ಲ. ಈ ನಿಯಮ ನಾನೇ ಹಟ ಹಿಡಿದು ಹಾಕಿಸಿದ್ದು. ಬದಲಾಯಿಸುವುದಿಲ್ಲ.

ನಾಲ್ಕು ಮಂದಿ ಅಣ್ಣತಮ್ಮಂದಿರಿದ್ದರೆ ನಾಲ್ಕು ದೇಸಾಯರಾ?

ಉಂಬಳಿಯಲ್ಲಿ ಪಾಲು ನಾಲ್ಕೂ ಜನರಿಗೆ, ಕೆಲಸ ಒಬ್ಬರಿಗೇ. ಇದೂ ಇಲ್ಲಿಯದೇ. 1874ರ ಬೊಂಬಾಯಿ ವತನ ಕಾಯ್ದೆಯಲ್ಲಿ ಪಾಲುದಾರರ ಪೈಕಿ ಪ್ರತಿನಿಧಿ ವತನದಾರರ ಹೆಸರು ನೋಂದಣಿ ಮಾಡಿ, ಕೆಲಸ ಸರದಿ ಮೇಲೆ ನಡೆಸುವ ಏರ್ಪಾಡಿತ್ತು. ಕೆಲಸ ಬಾರದವರು ಗುಮಾಸ್ತನನ್ನು ಇಡುತ್ತಿದ್ದರು. ಆಟದಲ್ಲಿ ಗುಮಾಸ್ತ ಪಾತ್ರ ಬಹಳ ಮಜಾ ಕೊಡುತ್ತದೆ. ಹೆಸರಿಲ್ಲ, ಗಾದಿಯಿಲ್ಲ, ನಿಜವಾದ ಕೆಲಸವೆಲ್ಲ ಅವನದೇ.

ಹೆಂಗಸರು ಆಳುವುದು ಕಲ್ಪನೆ ಜಾಸ್ತಿ ಆಗಲಿಲ್ವಾ?

ಇಲ್ಲ. ಗದಗ ಜಿಲ್ಲೆಯ ಸೂಡಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಶಾಸನಗಳಲ್ಲಿ ಅಕ್ಕಾದೇವಿಯ ಹೆಸರಿದೆ. ಚಾಲುಕ್ಯ ಜಯಸಿಂಹನ ಅಕ್ಕ, ಕಿಸುಕಾಡು 70ನ್ನು ಆಳಿದವಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ‘ಗುಣದಬೆಡಂಗಿ’ ಅನ್ನುವ ಬಿರುದು ಅವಳಿಗೆ. ಸಾವಿರ ವರ್ಷದ ಹಿಂದೆ ಆದದ್ದು ನಕ್ಷತ್ರಗಳ ಕಾಲದಲ್ಲಿ ಆಗದಾ?

ದೇಸಾಯರಿಗೆ ಸೈನ್ಯ ಇದೆಯಾ?

ದೊಡ್ಡ ಯುದ್ಧದ ಹಡಗು ಇಡುವ ಹಾಗಿಲ್ಲ, ಅದು ಮಂಡಲೇಶ್ವರರಿಗೆ ಮಾತ್ರ. ದೇಸಾಯರಿಗೆ ಶೇತಸನದಿಗಳು. ಸಂಬಳದ ಬದಲು ಹೊಲ ಪಡೆದು, ಕರೆದಾಗ ಆಯುಧ ಹಿಡಿದು ಬರುವ ಒಕ್ಕಲು ಮಂದಿ. ಧಾರವಾಡ, ಬೆಳಗಾವಿ ಸೀಮೆಯಲ್ಲಿ ಇದೇ ಹೆಸರಿನ ಕಾವಲು ಪಡೆ ಇತ್ತು. ಸುಗ್ಗಿಯ ಹೊತ್ತಿನಲ್ಲಿ ಅವರನ್ನು ಕರೆದರೆ ಬರುವುದು ಕಷ್ಟ, ದಾಳದಲ್ಲಿ ಎರಡು ಅಂಕ ಕಡಿಮೆ.

ಕೆಟ್ಟ ದೇಸಾಯಿಯನ್ನು ತೆಗೆಯುವುದು ಹೇಗೆ?

ಮೂರು ದಾರಿ. ಮೊದಲನೆಯದು ಅರ್ಜಿ. ಯಾವ ಊರಿನವರಾದರೂ ದೇಸಾಯಿಯನ್ನು ಕೇಳದೆ ಟಪಾಲು ಹಡಗಿಗೆ ಅರ್ಜಿ ಹಾಕಬಹುದು. ಟಪಾಲು ತಡೆದ ದೇಸಾಯಿಗೆ ವಿಚಾರಣೆಯೂ ಇಲ್ಲ, ಸನದು ಅಲ್ಲಿಗೇ ರದ್ದು. ಎರಡನೆಯದು, ಕೆಲಸ ಕಿತ್ತುಕೊಂಡು ಮರ್ಯಾದೆ ಉಳಿಸುವುದು. ಹೆಸರು, ಅರ್ಧ ಉತ್ಪನ್ನ ಅವನಿಗೆ ಇರಲಿ, ಆಳುವುದು ಬೇರೆಯವರು. ಬ್ರಿಟಿಷರು ಇಲ್ಲಿನ ದೇಸಾಯಿ, ದೇಶಪಾಂಡೆಯವರಿಗೆ ಹೆಚ್ಚುಕಡಿಮೆ ಇದನ್ನೇ ಮಾಡಿದರು. ಪರಗಣೆಯ ಕೆಲಸ ಸರಕಾರದ ಸಂಬಳದ ಮಾಮಲೇದಾರರಿಗೆ ಹೋಯಿತು, ವತನದ ಉತ್ಪನ್ನದಲ್ಲಿ ಒಂದು ಪಾಲು ಸರಕಾರಕ್ಕೆ ಕಟ್ಟಿ ಉಳಿದದ್ದನ್ನು ಮನೆತನಗಳು ಉಣ್ಣುತ್ತಿದ್ದವು. ಜಗಳ ಇಲ್ಲದೆ ಅಧಿಕಾರ ಖಾಲಿ ಮಾಡುವ ಜಾಣ ದಾರಿ ಅದು.

ಮೂರನೆಯದು, ಕಾಗದ ಕೇಳುವುದು. 1852ರ ಇನಾಂ ಕಮಿಷನ್ ನೆನಪಿಸಿಕೊಳ್ಳಿ. ನಿಮ್ಮ ಭೂಮಿಗೆ ಸನದು ತೋರಿಸಿ ಅಂತ ಮನೆಮನೆಗೆ ಕೇಳಿತು. ತಲೆಮಾರುಗಳಿಂದ ಉಂಡವರ ಹತ್ತಿರ ಕಾಗದ ಇರಲಿಲ್ಲ, ಇದ್ದದ್ದು ಗೆದ್ದಲು ತಿಂದಿತ್ತು. ಎಷ್ಟೋ ಮನೆತನ ಒಂದೇ ಏಟಿಗೆ ಕುಸಿದವು, ಸಿಟ್ಟು ಬೂದಿಯೊಳಗಿನ ಕೆಂಡದ ಹಾಗೆ ಉಳಿಯಿತು. ಆಟದಲ್ಲಿ ಯಾವ ಚಕ್ರವರ್ತಿಯಾದರೂ ಈ ದಾರಿ ಹಿಡಿದರೆ ಐದು ವರ್ಷದೊಳಗೆ ಎಲ್ಲೋ ಒಂದು ಕಡೆ ಬಂಡಾಯ ಖಚಿತ.

ಸಾಮಾನ್ಯ ಮಂದಿ ಎಲ್ಲಿದ್ದಾರೆ? ಬರೀ ದೊಡ್ಡವರ ಕಥೆಯಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಋಣಿ. ಮೊದಲ ವರ್ಷ ನಮ್ಮ ಆಟದಲ್ಲಿ ಇವರು ಇರಲೇ ಇಲ್ಲ. ಅದು ತಪ್ಪು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ ಇವರೆಲ್ಲ ಆಯಗಾರರಾಗಿದ್ದರು. ಕೆಲಸವೂ ವಂಶದ್ದೇ, ಕೂಲಿ ಅಂದರೆ ಕಣದಲ್ಲಿ ಬೆಳೆಯ ಒಂದು ಪಾಲು, ಆಯದ ಕಾಳು. ಗೌಡರ ಮಗ ಗೌಡನಾದ ಹಾಗೆ ಬಡಿಗನ ಮಗ ಬಡಿಗನಾಗಲೇಬೇಕಿತ್ತು. ವಂಶದ ಆಡಳಿತ ಅಂದರೆ ಮೇಲೆ ನಾಲ್ಕು ಮನೆ ಮಾತ್ರ ಅಲ್ಲ, ಕೆಳಗಿನ ತನಕ ಎಲ್ಲರ ಕಾಲಿಗೂ ಅದೇ ಹಗ್ಗ. ಅತಿ ಕೆಳಗೆ ಇದ್ದವರಿಗೆ ಬಿಟ್ಟಿ ಚಾಕರಿ. ಆ ಚಾಕರಿಗೆ ಕೂಲಿ ಇಲ್ಲ, ಬೈಗುಳ ಮಾತ್ರ.

ನಮ್ಮ ಅಜ್ಜ ದೊಡ್ಡ ಮನೆಯವರ ಹೊಲವನ್ನು ಲಾವಣಿ, ಅಂದರೆ ಗೇಣಿ, ಮಾಡುತ್ತಿದ್ದರು. ಬೆಳೆದ ಜೋಳದಲ್ಲಿ ಅರ್ಧ ಅವರ ಮನೆಗೆ. ಆ ವಾಡೆಯ ಮುಂದೆ ಹೋಗುವಾಗ ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿಯುತ್ತಿದ್ದರಂತೆ. ಅಪ್ಪ ಇದನ್ನು ಹೇಳುವಾಗ ಪ್ರತಿ ಸಲ ಕೈಯನ್ನು ಕಂಕುಳ ಹತ್ತಿರ ತಂದು ತೋರಿಸುತ್ತಾರೆ, ಚಪ್ಪಲಿ ಈಗಲೂ ಅಲ್ಲಿ ಇದ್ದ ಹಾಗೆ. 1974ರ ಭೂಸುಧಾರಣೆಯಲ್ಲಿ ಉಳುವವರಿಗೆ ಹೊಲ ಬಂತು. ಅಜ್ಜನ ಹೆಸರಿಗೂ ನಾಲ್ಕು ಎಕರೆ ಆಯಿತು.

ಹಾಗಾಗಿ ಈಗ ನಿಯಮ: ಪ್ರತಿ ಆಟದಲ್ಲಿ ಕಡೇ ಪಕ್ಷ ಒಬ್ಬರು ಸನದು ಇಲ್ಲದ ಪಾತ್ರ ಹಿಡಿಯಬೇಕು. ಮೊದಲ ಮಾತು ಅವರದೇ. ದೇಸಾಯಿ ಬರುವ ಮೊದಲು ಆ ಊರು ಹೇಗಿದೆ ಅಂತ ಅವರು ಹೇಳುತ್ತಾರೆ.

ಅಂದರೆ ನಿಮಗೆ ದೇಸಗತಿ ಇಷ್ಟವೋ ಇಲ್ಲವೋ?

ಆಳುವ ಪದ್ಧತಿಯಾಗಿ ಇಷ್ಟವಿಲ್ಲ. ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ಯಾರು ಚಪ್ಪಲಿ ಕೈಯಲ್ಲಿ ಹಿಡಿಯಬೇಕು ಅಂತ ತೀರ್ಮಾನ ಆಗಬಾರದು. ಆದರೆ ಆ ಗಾದಿಯಲ್ಲಿ ಕೂತ ಮನುಷ್ಯರನ್ನು ತಿಳಿಯುವ ಆಸೆ ನನಗೆ ಬಹಳ ಇದೆ. ನವಲಗುಂದ–ಶಿರಸಂಗಿಯ ಲಿಂಗರಾಜ ದೇಸಾಯರನ್ನೇ ನೋಡಿ. 1906ರಲ್ಲಿ ತೀರಿಕೊಂಡರು, ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟು ಹೋದರು. ಆ ದುಡ್ಡಿನಲ್ಲಿ ಓದಿದ ಬಡ ಮನೆಯ ಹುಡುಗರು ಎಷ್ಟೋ ಮಂದಿ. ಹುಟ್ಟಿನಿಂದ ಬಂದದ್ದನ್ನು ಹುಟ್ಟಿನ ಸಾಲಿನಿಂದ ಆಚೆ ಕೊಟ್ಟ ಆ ಸಹಿ ಹಾಕುವಾಗ ಅವರ ಮನಸ್ಸಿನಲ್ಲಿ ಏನಿತ್ತು? ಇಂಥ ಪ್ರಶ್ನೆಗಾಗಿಯೇ ನಾನು ಈ ಆಟ ನಡೆಸುವುದು.

ಈ ಸಾಮ್ರಾಜ್ಯ ಕೊನೆಗೆ ಏನಾಗುತ್ತದೆ?

ಇನ್ನೂ ಆಗಿಲ್ಲ. ಆದರೆ ಹಾದಿ ಕಾಣುತ್ತಿದೆ. 1870ರಲ್ಲಿ ಲಂಡನ್ನಿಗೂ ಬೊಂಬಾಯಿಗೂ ಸಮುದ್ರದೊಳಗಿನ ತಂತಿ ಬಂದ ಮೇಲೆ ತಿಂಗಳ ಸುದ್ದಿ ಗಂಟೆಗಳಲ್ಲಿ ಮುಟ್ಟತೊಡಗಿತು. ಅಲ್ಲೇ ಇದ್ದು ನಿರ್ಧಾರ ಮಾಡುವವನ ಬೆಲೆ ಆಗಲೇ ಇಳಿಯಿತು. ಮನೆತನಗಳ ಹಕ್ಕು ಮಾತ್ರ ಬಹಳ ಕಾಲ ಉಳಿಯಿತು. ಪರಗಣೆ ಮತ್ತು ಕುಲಕರ್ಣಿ ವತನ ರದ್ದಾದದ್ದು 1950ರ ಬೊಂಬಾಯಿ ಕಾಯ್ದೆಯಿಂದ. ಗೌಡಕಿಯಂಥ ಊರ ವತನಗಳು ರದ್ದಾಗಲು 1961ರ ಕಾಯ್ದೆ ಬರಬೇಕಾಯಿತು, ಜಾರಿಗೆ ಬಂದದ್ದು 1963ರಲ್ಲಿ. ಕೆಲಸ ಹೋಗಿ, ಹಕ್ಕು ಹೋಗುವ ನಡುವೆ ಹಲವು ತಲೆಮಾರು.

ನಮ್ಮ ಕಥೆಯಲ್ಲಿ ಈಗ ಒಂದು ಗುಸುಗುಸು ಹಬ್ಬಿದೆ. ಕಣಿವೆ ದಾಟಬಲ್ಲ ತಂತಿಯೊಂದನ್ನು ಎರಡನೇ ಮಂಡಲದಲ್ಲಿ ಯಾರೋ ಪರೀಕ್ಷೆ ಮಾಡುತ್ತಿದ್ದಾರಂತೆ. ಬ್ಯಾಡಗಿಯ ಗೆಳೆಯನ ದೇಸಾಯಿ ಅದನ್ನು ಕೇಳಿ ಒಂದು ವಾರ ಯೋಚಿಸಿ, ತನ್ನ ಮಗಳನ್ನು ಆ ತಂತಿ ಕಲಿಯಲು ಕಳಿಸಿದ್ದಾನೆ.

ಹೊಸಬರು ಯಾವ ಪಾತ್ರ ಹಿಡಿಯಬೇಕು?

ದೇಶಪಾಂಡೆಯ ಕೈಕೆಳಗಿನ ಕಾರಕೂನ. ಎಲ್ಲ ಕಾಗದ ನಿಮ್ಮ ಕಣ್ಣ ಮುಂದೆ ಹಾದುಹೋಗುತ್ತದೆ. ಎರಡು ವಾರದಲ್ಲಿ ಯಾರು ಸುಳ್ಳು ಬರೆಸುತ್ತಾರೆ ಅಂತ ಗೊತ್ತಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಶುರು. ಬರುವಾಗ ಒಂದು ನೋಟ್‌ಬುಕ್ ತನ್ನಿ, ಕೆಂಪು ಅರಿವೆ ನಾವು ಕೊಡುತ್ತೇವೆ.